ಮೇಲ್ ಬಂದಿಲ್ಲ ಅಂದ್ರೆ ರಿಜೆಕ್ಟ್ ಅಂತನಾ?

“ಅಕ್ಕಾ, ನನ್ ಫ್ರೆಂಡ್‌ಗೆ ಬಂತು, ನನಗ ಇನ್ನಾ ಬಂದಿಲ್ಲ. ರಿಜೆಕ್ಟ್ ಆತು ಅಂತ ಅರ್ಥ ಏನು?”

ಜನವರಿ ಕೊನೆಯಿಂದ ಏಪ್ರಿಲ್ ತನಕ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಜಾಸ್ತಿ ಇದೇ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಮಾಸ್ಟರ್ಸ್, ಪಿಎಚ್‌ಡಿ ಅರ್ಜಿ ಹಾಕಿ ಉತ್ತರದ ಮೇಲ್‌ಗೆ ಕಾಯುತ್ತಿರುವವರು ಇವರು. ಹೆಚ್ಚಾಗಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ನನ್ನ ಜೂನಿಯರ್‌ಗಳು. ಈಚೆಗೆ ಬಳ್ಳಾರಿ, ಕೊಪ್ಪಳದ ಎಂಜಿನಿಯರಿಂಗ್ ಹುಡುಗ ಹುಡುಗಿಯರೂ ಸೇರಿಕೊಂಡಿದ್ದಾರೆ. ನಾನು ಗಂಗಾವತಿಯವಳು, ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದಿ ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದೆ. ಹಾಗಾಗಿ ಅರ್ಜಿ ನೋಡಿ ಆರಿಸುವ ಅಲ್ಲಿನ ಕಮಿಟಿಗಳ ಗುಟ್ಟೆಲ್ಲ ನನಗೆ ಗೊತ್ತು ಅಂತ ಇವರ ನಂಬಿಕೆ. ಗುಟ್ಟು ಏನೂ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ.

ಉತ್ತರ: ಅಲ್ಲ. ಅಲ್ಲಿ ಬೇಡ ಅಂದವರಿಗೂ ಒಂದು ದಿನ ಪತ್ರ ಬರುತ್ತದೆ. ಅದು ಬರುವ ತನಕ ನಿಮ್ಮ ಅರ್ಜಿ ಯಾರದೋ ಮೇಜಿನ ಮೇಲೆ ಇದೆ ಅಂತಲೇ ತಿಳಿಯಬೇಕು.

ಯಾಕೆ ಇಷ್ಟು ತಡ ಅಂತ ನೋಡಿ. ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಎಷ್ಟೋ ಡಿಪಾರ್ಟ್‌ಮೆಂಟುಗಳ ಕೊನೆಯ ದಿನ ಡಿಸೆಂಬರ್ 1 ಅಥವಾ 15. ಅದಾದ ಮೇಲೆ ಅವರಿಗೆ ಕ್ರಿಸ್‌ಮಸ್ ರಜೆ. ಜನವರಿಯಲ್ಲಿ ಬಂದು ಕೂರುವ ಕಮಿಟಿಯಲ್ಲಿ ಇರುವವರು ಬೇರೆ ಯಾರೂ ಅಲ್ಲ, ಅಲ್ಲಿ ಪಾಠ ಮಾಡುವ ಪ್ರೊಫೆಸರ್‌ಗಳೇ. ಅವರಿಗೆ ಕ್ಲಾಸ್ ಇರುತ್ತದೆ, ಅವರ ಹಳೇ ವಿದ್ಯಾರ್ಥಿಗಳ ಥೀಸಿಸ್ ಇರುತ್ತದೆ, ಮಧ್ಯೆ ಬಿಡುವು ಮಾಡಿಕೊಂಡು ಅರ್ಜಿ ಓದುತ್ತಾರೆ. ಡಿಪಾರ್ಟ್‌ಮೆಂಟ್ ಹೂಂ ಅಂದರೂ ಮುಗಿಯಲಿಲ್ಲ. ಆ ಹೆಸರು ಇಡೀ ವಿಶ್ವವಿದ್ಯಾಲಯದ ಮಾಸ್ಟರ್ಸ್, ಪಿಎಚ್‌ಡಿ ಪ್ರವೇಶ ನೋಡಿಕೊಳ್ಳುವ ಗ್ರಾಜುಯೇಟ್ ಸ್ಕೂಲ್ ಆಫೀಸಿಗೆ ಹೋಗಿ, ಅಲ್ಲಿ ಮಾರ್ಕ್ಸ್ ಕಾರ್ಡು, ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಸ್ಕೋರು ಎಲ್ಲ ಪರಿಶೀಲಿಸಿ, ಆಮೇಲೆ ನಿಮಗೆ ಪತ್ರ. ಪೋರ್ಟಲ್‌ನಲ್ಲಿ ಇಷ್ಟೂ ದಿನ “ಅಂಡರ್ ರಿವ್ಯೂ” ಅಂತಲೇ ತೋರಿಸುತ್ತಿರುತ್ತದೆ. ದಿನಕ್ಕೆ ಇಪ್ಪತ್ತು ಸಲ ತೆಗೆದು ನೋಡಿದರೂ ಅದೇ.

ಇನ್ನೊಂದು ವಿಷಯ. ಆಫರ್‌ಗಳು ಎಲ್ಲರಿಗೂ ಒಂದೇ ದಿನ ಹೋಗಬೇಕು ಅಂತಿಲ್ಲ. ಮೊದಲು ಕೆಲವರಿಗೆ ಕೊಡುತ್ತಾರೆ. ಅವರಲ್ಲಿ ಎಷ್ಟು ಜನ ಬರುತ್ತಾರೆ ನೋಡಿಕೊಂಡು ಮಿಕ್ಕವರಿಗೆ. ಮೊದಲ ಸುತ್ತಿನಲ್ಲಿ ಆಫರ್ ಸಿಕ್ಕವರ ಕೈಯಲ್ಲಿ ಬೇರೆ ಕಡೆಯ ಆಫರ್‌ಗಳೂ ಇರುತ್ತವೆ, ಅವರು ಹಿಡಿದುಕೊಂಡು ಕೂತಿರುತ್ತಾರೆ. ಎಲ್ಲಿವರೆಗೆ? ಏಪ್ರಿಲ್ 15ರವರೆಗೆ. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ಒಪ್ಪಂದ ಇದೆ, ಬಹಳಷ್ಟು ದೊಡ್ಡ ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಿವೆ. ಅದರ ಪ್ರಕಾರ ಸ್ಟೈಪೆಂಡ್, ಪಾಠ-ಸಂಶೋಧನೆಗೆ ನೆರವಾಗುವ ಸಂಬಳದ ಕೆಲಸ (ಅಸಿಸ್ಟೆಂಟ್‌ಶಿಪ್) ಕೊಟ್ಟು ಕರೆದ ವಿದ್ಯಾರ್ಥಿಯನ್ನು ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡು ಅಂತ ಒತ್ತಾಯಿಸುವ ಹಾಗಿಲ್ಲ. ಆ ದಿನದ ಹಿಂದುಮುಂದು ಬೇಡ ಅಂದವರ ಸೀಟುಗಳು ತೆರವಾಗುತ್ತವೆ, ಕಾಯುತ್ತಿದ್ದವರಿಗೆ ದಿಢೀರ್ ಅಂತ ಕರೆ ಬರುತ್ತದೆ. ಇಲ್ಲೇ ಹುಷಾರಾಗಿರಬೇಕಾದ್ದು: ಈ ರಕ್ಷಣೆ ದುಡ್ಡು ಕೊಟ್ಟು ಕರೆಯುವ ಆಫರ್‌ಗೆ ಮಾತ್ರ. ನೀವೇ ಫೀಸು ಕಟ್ಟಿ ಹೋಗುವ ಮಾಸ್ಟರ್ಸ್‌ಗೆ ಪತ್ರದಲ್ಲಿ ಬರೆದ ತಾರೀಕೇ ಕೊನೆ, ಡೆಪಾಸಿಟ್ ಕಟ್ಟದಿದ್ದರೆ ಸೀಟು ಹೋಯಿತು. ಇದನ್ನು ಓದದೆ “ಅಕ್ಕಾ, 15ರ ತನಕ ಟೈಮ್ ಐತಲ್ಲ?” ಅಂತ ಕೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಮನೆಯಲ್ಲಿ ಅಪ್ಪ ಅಮ್ಮನಿಗೆ ಇದನ್ನೆಲ್ಲ ಹೇಳೋದು ಹೇಗೆ ಅಂತ ಒಬ್ಬಳು ಕೇಳಿದ್ದಳು. ನಮ್ಮ ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ ಅಂತ ನನ್ನ ಅನುಭವ. ನವೆಂಬರ್ ಬಂತಂದ್ರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನವರೆಲ್ಲ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಗೆ ಕಾಯುತ್ತಾರೆ, ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲವೋ ಅಂತ. ಆ ತೀರ್ಮಾನ ಡ್ಯಾಮಿನಲ್ಲಿ ಎಷ್ಟು ನೀರಿದೆ ಅನ್ನೋದರ ಮೇಲೆ. ನೀವು ಗದ್ದೆ ಎಷ್ಟು ಚೆನ್ನಾಗಿ ಹದ ಮಾಡಿದ್ದೀರಿ ಅಂತ ಯಾರೂ ಬಂದು ನೋಡುವುದಿಲ್ಲ. ಮಾನ್ವಿ, ಸಿರವಾರದ ಟೇಲೆಂಡ್, ಅಂದರೆ ಕಾಲುವೆಯ ಕೊನೆ ಭಾಗದ ರೈತನಿಗೆ ನೀರು ಬರಲಿಲ್ಲ ಅಂದರೆ ಅವನಿಗೆ ಬೇಸಾಯ ಬರಲ್ಲ ಅಂತ ಅಲ್ಲವಲ್ಲ. ಪಿಎಚ್‌ಡಿ ಸೀಟೂ ಹೀಗೇ. ಪ್ರೊಫೆಸರ್ ಹತ್ತಿರ ಅನುದಾನ ಇದ್ದರೆ ವಿದ್ಯಾರ್ಥಿಯನ್ನು ತಗೊಳ್ತಾರೆ, ಇಲ್ಲದಿದ್ದರೆ ಅರ್ಜಿ ಎಷ್ಟು ಚೆನ್ನಾಗಿದ್ದರೂ ಇಲ್ಲ. 2025ರಲ್ಲಿ ಅಲ್ಲಿನ ಸರ್ಕಾರ ಸಂಶೋಧನೆಯ ದುಡ್ಡು ಕಡಿತ ಮಾಡಿದಾಗ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿದವು, ಕೊಟ್ಟ ಆಫರನ್ನೇ ವಾಪಸ್ ತಗೊಂಡ ಕಡೆಗಳೂ ಇವೆ. ಅದರಲ್ಲಿ ಸಿಂಧನೂರಿನ ಹುಡುಗನ ತಪ್ಪೇನು ಹೇಳಿ?

ಇನ್ನು ಮೇಲ್ ನೋಡುವ ಚಟದ ಬಗ್ಗೆ. ಸ್ವಲ್ಪ ಗಡಿಯಾರದ ಲೆಕ್ಕ ಗೊತ್ತಿದ್ದರೆ ಹಗಲಾದರೂ ಉಳಿಯುತ್ತದೆ. ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ತಾಸು ಹಿಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಆಫೀಸು ತೆರೆದಾಗ ಇಲ್ಲಿ ಸಂಜೆ 7.30. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ತಾಸು ಮುಂದೆ ಇಡುತ್ತಾರೆ, ಆಗ 6.30. ಕ್ಯಾಲಿಫೋರ್ನಿಯಾ ಆದರೆ ಇನ್ನೂ ಮೂರು ತಾಸು ತಡ. ಅಂದರೆ ರಾಯಚೂರಿನಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಲ್ಯಾಬಿನಲ್ಲಿ ಕೂತು ಫೋನ್ ರಿಫ್ರೆಶ್ ಮಾಡುವಾಗ ಅಲ್ಲಿ ಆಫೀಸುಗಳೆಲ್ಲ ಮುಚ್ಚಿರುತ್ತವೆ. ಭಾನುವಾರ, ಸೋಮವಾರ ಬೆಳಿಗ್ಗೆ ಅಂತೂ ಕೇಳಲೇಬೇಡಿ, ಅವರ ವಾರ ಇನ್ನೂ ಶುರುವೇ ಆಗಿರುವುದಿಲ್ಲ. ಮೇಲ್ ಬಂದರೆ ರಾತ್ರಿ ಬರುತ್ತದೆ. ಬೆಳಿಗ್ಗೆ ಎದ್ದು ಒಂದು ಸಲ ನೋಡಿದರೆ ಸಾಕು, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದರೂ ಬರುವುದು ಅದೇ ಉತ್ತರ. ಸ್ಪ್ಯಾಮ್ ಫೋಲ್ಡರ್ ಮಾತ್ರ ಮರೆಯಬೇಡಿ.

“ನಾನೇ ಅವರಿಗೆ ಮೇಲ್ ಹಾಕ್ಲಾ?” ಇದು ಎರಡನೇ ಪ್ರಶ್ನೆ, ಮೊದಲನೆಯದರ ಬಾಲ. ಕಾರಣ ಇದ್ದರೆ ಹಾಕಿ. ಬೇರೆ ಕಡೆ ಆಫರ್ ಬಂದಿದೆ, ಅವರಿಗೆ ಇಂಥ ತಾರೀಕಿನೊಳಗೆ ಉತ್ತರ ಕೊಡಬೇಕು ಅಂತಿದ್ದರೆ ಅದನ್ನೇ ನಾಲ್ಕು ಸಾಲಿನಲ್ಲಿ ಬರೆಯಿರಿ, “ನಿಮ್ಮ ತೀರ್ಮಾನ ಯಾವಾಗ ತಿಳಿಯಬಹುದು?” ಅಂತ ಕೇಳಿ. ಇದಕ್ಕೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ, ಅಲ್ಲಿ ಇದು ಮಾಮೂಲಿ. ಹೊಸದಾಗಿ ಪೇಪರ್ ಪ್ರಕಟವಾಗಿದ್ದರೆ ಅದನ್ನೂ ತಿಳಿಸಬಹುದು. ಸುಮ್ನೆ “ಸರ್, ಎನಿ ಅಪ್‌ಡೇಟ್?” ಅಂತ ವಾರಕ್ಕೊಂದು ಬೇಡ. ಮಾವನಿಂದ, ಕಾಕಾನಿಂದ ಫೋನ್ ಮಾಡಿಸುವುದಂತೂ ಬೇಡವೇ ಬೇಡ. ನಗಬೇಡಿ, ಮಾಡಿಸಿದವರಿದ್ದಾರೆ.

ಮೇಲ್ ಹಾಕುವ ಮೊದಲು ಒಂದು ಕೆಲಸ ಮಾಡಿ. ಪೋರ್ಟಲ್‌ಗೆ ಹೋಗಿ ರೆಕಮೆಂಡೇಶನ್ ಪತ್ರಗಳು ಎಲ್ಲ ತಲುಪಿವೆಯಾ ನೋಡಿ. ನಮ್ಮ ಕಡೆ ಎಡವಟ್ಟಾಗುವುದು ಜಾಸ್ತಿ ಇಲ್ಲೇ. ಪತ್ರ ಹಾಕುವ ಲಿಂಕ್ ಮೇಷ್ಟ್ರ ಮೇಲ್‌ಗೆ ಹೋಗುತ್ತದೆ, ಅವರು ಅದನ್ನು ತೆಗೆಯುವುದು ಅಪರೂಪ, ಅಥವಾ ಅದು ಸ್ಪ್ಯಾಮಿಗೆ ಬಿದ್ದಿರುತ್ತದೆ, ನಿಮಗೆ ಸಂಕೋಚ, ಮತ್ತೆ ಕೇಳುವುದಿಲ್ಲ. ಒಂದು ಪತ್ರ ಕಡಿಮೆ ಇದ್ದರೆ ಎಷ್ಟೋ ಕಡೆ ಅರ್ಜಿ ಪೂರ್ತಿ ಆಗಿಲ್ಲ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಸರ್ ರೂಮಿಗೆ ಹೋಗಿ, ಎದುರಿಗೆ ಕೂತು, ಆಗಲೇ ಹಾಕಿಸಿಬಿಡಿ.

ಕೇಳುವವರ ಕಾಟಕ್ಕೆ ನನ್ನ ಹತ್ತಿರ ಮದ್ದಿಲ್ಲ. ಗಂಗಾವತಿಯಲ್ಲಿ ಅಪ್ಪ ರೈಸ್ ಮಿಲ್ಲಿಗೆ ಹೋದರೂ, ಅಮ್ಮ ಮದುವೆಗೆ ಹೋದರೂ “ಏನಾತ್ರೀ ಮಗಳ ಫಾರಿನ್ನು?” ಮಿರ್ಚಿ ಒಗ್ಗರಣಿ ತಿನ್ನೋಕೆ ಹೊರಗೆ ಹೋದರೂ ಅದೇ ಪ್ರಶ್ನೆ. ನನಗೆ ಕೆಲಸಕ್ಕೆ ಬಂದಿದ್ದು ಒಂದೇ: ಮನೆಯವರಿಗೆ ಒಂದು ತಾರೀಕು ಕೊಟ್ಟುಬಿಡುವುದು. “ಏಪ್ರಿಲ್ ಮುಗಿಯೋ ತನಕ ಗೊತ್ತಾಗಲ್ಲ” ಅಂತ ಒಂದು ಸಲ ಹೇಳಿದರೆ ಅಪ್ಪ ಅಮ್ಮ ಎಲ್ಲರಿಗೂ ಅದೇ ಹೇಳಿ ಪಾರಾಗುತ್ತಾರೆ. ಊರಿಗೆಲ್ಲ ಮೊದಲೇ ಹೇಳದೆ ಇದ್ದರೆ ಇನ್ನೂ ವಾಸಿ, ಆದರೆ ನಮ್ಮ ಊರುಗಳಲ್ಲಿ ಅದು ಆಗುವ ಮಾತಾ?

ಕಾಯುವಾಗ ಕೈ ಕಟ್ಟಿ ಕೂರಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು, ಹೀಗೆ ಮೂರು ಕಡೆ ಮೂರು ಥರ ಇದ್ದರೆ ಈಗಲೇ ಸರಿ ಮಾಡಿಸಿ. ಸೀಟು ಸಿಕ್ಕ ಮೇಲೆ ಅದಕ್ಕೆ ಓಡಾಡುವ ಸಮಯ ಇರುವುದಿಲ್ಲ, ಆಗ ಐ-20 (ವೀಸಾಕ್ಕೆ ವಿಶ್ವವಿದ್ಯಾಲಯ ಕೊಡುವ ಪತ್ರ), ವೀಸಾ, ಹೈದರಾಬಾದ್ ಕಾನ್ಸುಲೇಟು ಅಂತ ಬೇರೆ ಓಡಾಟ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ “ಪ್ರಬುದ್ಧ” ಯೋಜನೆ ಇದೆ, ವಿದೇಶದ ಓದಿಗೆ ನೆರವು ಕೊಡುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಗೆ ಅರ್ಜಿ ಹಾಕಿ ಇಟ್ಟುಕೊಳ್ಳಿ. ಭಯದಲ್ಲಿ ಮಾತ್ರ ಕನ್ಸಲ್ಟೆನ್ಸಿಯವರ ಮಾತಿಗೆ ಮರುಳಾಗಬೇಡಿ. “ಇನ್ನೂ ಓಪನ್ ಇದೆ, ಇವತ್ತೇ ಕಟ್ಟಿ” ಅಂತ ಅವರು ತೋರಿಸುವ ಕಾಲೇಜುಗಳಲ್ಲಿ ಎಷ್ಟೋ ಕಡೆಯಿಂದ ಅವರಿಗೆ ಕಮಿಷನ್ ಸಿಗುತ್ತದೆ.

ಇಲ್ಲಿನ ಎಂ.ಟೆಕ್. ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆದಿದ್ದವರು ಅದನ್ನು ಅರ್ಧಕ್ಕೆ ಬಿಡಬೇಡಿ. ಫೆಬ್ರವರಿಯಲ್ಲಿ ಪರೀಕ್ಷೆ, ಮಾರ್ಚ್‌ನಲ್ಲಿ ಫಲಿತಾಂಶ, ಅಂದರೆ ನೀವು ಅಮೆರಿಕದ ಮೇಲ್‌ಗೆ ಕಾಯುತ್ತಿರುವಾಗಲೇ ಐಐಟಿಗಳ ಎಂ.ಟೆಕ್. ಅರ್ಜಿಗಳೂ ತೆರೆದಿರುತ್ತವೆ. ಐಐಟಿಗಳು ಆಫರ್ ಕೊಡುವ, ನಾವು ಒಪ್ಪಿಕೊಳ್ಳುವ ಒಂದೇ ಜಾಲತಾಣ ಕೋಪ್ (COAP). ಆ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಮಾತ್ರಕ್ಕೆ ಸೀಟು ಬರುವುದಿಲ್ಲ, ಒಂದೊಂದು ಐಐಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಗೇಟ್ ಮೇಲೆ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಸ್ಕೋರು ಮೂರು ವರ್ಷ ನಡೆಯುತ್ತದೆ. ನಮ್ಮ ಜೂನಿಯರ್‌ಗಳಿಗೆ ಖರಗ್‌ಪುರದಲ್ಲಿ ಕೃಷಿ ಎಂಜಿನಿಯರಿಂಗ್ ಇದೆ, ಅದೇನು ಕಡಿಮೆ ಜಾಗ ಅಲ್ಲ. ರಾಜ್ಯದೊಳಗಿನ ಸೀಟಿಗೆ ಹೋಗುವವರು ಎ.ಸಿ. (ಸಹಾಯಕ ಆಯುಕ್ತರ) ಆಫೀಸಿನಿಂದ ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಪ್ರಮಾಣಪತ್ರ ತೆಗೆಸಿಟ್ಟುಕೊಳ್ಳಿ, ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ಐಐಟಿಯಲ್ಲಿ ಅದು ನಡೆಯುವುದಿಲ್ಲ.

ಏಪ್ರಿಲ್ 15 ಕಳೆದು ಒಂದು ವಾರ ಆದರೂ ಏನೂ ಬರಲಿಲ್ಲ ಅಂದ್ರೆ ಆಗ ಧೈರ್ಯವಾಗಿ ಒಂದು ಮೇಲ್ ಹಾಕಿ, ನನ್ನ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯಾ ಅಂತ. ಇಲ್ಲ ಅಂತ ಬಂದರೆ ಯಾಕೆ ಅಂತ ಕೇಳಲು ಹೋಗಬೇಡಿ, ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ. ಅಷ್ಟರಲ್ಲಿ ಮೇ ಬಂದಿರುತ್ತದೆ, ಕೋಪ್‌ನ ಸುತ್ತುಗಳು ಶುರುವಾಗುತ್ತವೆ. ಅಲ್ಲೂ ಕಾಯಬೇಕು, ಆದರೆ ಯಾವ ಸುತ್ತು ಯಾವತ್ತು ಅಂತ ಮೊದಲೇ ಹಾಕಿರುತ್ತಾರೆ.