ದೊಡ್ಡ ಚಾನೆಲ್‌ನವರು ನಿಮ್ಮ ಕೋರ್ಸ್ ಬಗ್ಗೆ ಹೇಳೋಕೆ ಹೇಗೆ ಒಪ್ಪಿದರು?

ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ನಾನು ಕನ್ನಡದಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಕಲಿಸುವ ಆನ್‌ಲೈನ್ ಕೋರ್ಸ್ ಮಾರುತ್ತೇನೆ. ಅರ್ಧಕ್ಕಿಂತ ಜಾಸ್ತಿ ಮಾರಾಟ ಆಗುವುದು ನನ್ನಿಂದಲ್ಲ, ಬೇರೆಯವರಿಂದ. ಅಕೌಂಟ್ಸ್ ಹೇಳಿಕೊಡುವ ಯೂಟ್ಯೂಬ್ ಚಾನೆಲ್‌ನವರು, ಕೆಲಸದ ಸುದ್ದಿ ಹಾಕುವ ಟೆಲಿಗ್ರಾಂ ಗುಂಪಿನವರು, ಊರಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವವರು ತಮ್ಮ ಜನಕ್ಕೆ ನನ್ನ ಕೋರ್ಸ್ ಬಗ್ಗೆ ಹೇಳುತ್ತಾರೆ. ಮಾರಾಟ ಆದರೆ ಪಾಲು ತೆಗೆದುಕೊಳ್ಳುತ್ತಾರೆ. ಈ ಲೈನಿನಲ್ಲಿ ಇರುವವರು ಇದನ್ನು ಜೆವಿ ಅನ್ನುತ್ತಾರೆ, ಜಾಯಿಂಟ್ ವೆಂಚರ್. ಹೆಸರು ಕೇಳಿದರೆ ಎರಡು ಸಿಮೆಂಟ್ ಕಂಪನಿ ಸೇರಿಕೊಂಡ ಹಾಗೆ ಅನಿಸುತ್ತದೆ. ವಿಷಯ ಇಷ್ಟೇ.

ಕೇಳುವವರ ಹತ್ತಿರ ಸಾಮಾನ್ಯವಾಗಿ ಒಳ್ಳೆ ಸರಕೇ ಇರುತ್ತದೆ. "ಅರ್ಧಕ್ಕರ್ಧ ಕೊಡ್ತೀನಿ ಅಂದ್ರೂ ಉತ್ತರ ಬರಲ್ಲ. ಇನ್ನೂ ಜಾಸ್ತಿ ಕೊಡಬೇಕಾ?" ಅನ್ನುವುದು ಅವರ ಬೇಜಾರು.

ಬೇಡ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಕ್ಲಿಕ್‌ಬ್ಯಾಂಕ್ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವನು ಹೇಳಿದವನಿಗೆ ಶೇ. 75ರವರೆಗೆ ಬಿಟ್ಟುಕೊಡುವುದು ಮಾಮೂಲಿ. ಹಳೇ ಮಾರ್ಕೆಟರ್‌ಗಳು ಇದನ್ನೆಲ್ಲ ನೋಡಿ ದಣಿದವರು. ನಿಮ್ಮ ಶೇ. 50 ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅವರಿಗೆ ಕಾಣುವುದು ಬೇರೆ. ಅದನ್ನು ಹೇಳೋಕೆ ನಮ್ಮ ಮನೆ ಕಥೆಯೊಂದನ್ನು ಹೇಳಬೇಕು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಪಕ್ಕದ ಮನೆಯವರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದರು. ಬೋರ್‌ವೆಲ್ ಸಾಲ. ಬೋರಿನಲ್ಲಿ ನೀರು ಬರಲಿಲ್ಲ, ಸಾಲದ ಕಂತೂ ಹೋಗಲಿಲ್ಲ. ಒಂದು ದಿನ ನಮ್ಮ ಮನೆಗೆ ನೋಟಿಸ್ ಬಂತು. ಅಪ್ಪನಿಗೆ ದುಡ್ಡು ಕಟ್ಟಬೇಕಾಗಿ ಬಂದದ್ದಕ್ಕಿಂತ ನೋವಾದದ್ದು ಸುಸ್ತಿದಾರರ ಪಟ್ಟಿಯಲ್ಲಿ ತಮ್ಮ ಹೆಸರೂ ಗೋಡೆ ಮೇಲೆ ಅಂಟಿದ್ದು. ಆಮೇಲೆ ಯಾರು ಜಾಮೀನು ಕೇಳಿಕೊಂಡು ಬಂದರೂ ಅಪ್ಪ ಕಾಫಿ ಕೊಡಿಸುತ್ತಿದ್ದರು, "ನೋಡೋಣ" ಅನ್ನುತ್ತಿದ್ದರು. ಸಹಿ ಮಾತ್ರ ಹಾಕುತ್ತಿರಲಿಲ್ಲ.

ನೀವು ಮೆಸೇಜ್ ಕಳಿಸುವ ದೊಡ್ಡ ಚಾನೆಲ್‌ನವರೂ ಹಾಗೇ. ಹಿಂದೆ ಯಾರದೋ ಕೋರ್ಸನ್ನೋ, ಆ್ಯಪನ್ನೋ ಹೊಗಳಿ, ಆಮೇಲೆ ಮಾರಿದವನು ಫೋನ್ ಎತ್ತದೆ, ಜನ ಬಂದು ತಮಗೇ ಬೈದದ್ದು ಅವರಿಗೆ ನೆನಪಿರುತ್ತದೆ. ನೀವು ಅವರಿಂದ ಕೇಳುತ್ತಿರುವುದು ಪ್ರಚಾರ ಅಂತ ನಿಮಗೆ ಅನಿಸುತ್ತದೆ. ಅವರ ಕಡೆಯಿಂದ ನೋಡಿದರೆ ಅದು ಜಾಮೀನು. ಉತ್ತರ ಬರದಿದ್ದರೆ ಅದು ಅವರ "ನೋಡೋಣ".

ನನಗೂ ಇದು ಮೊದಲೇ ಹೊಳೆದದ್ದಲ್ಲ. ಮೊದಲ ವರ್ಷ ಸುಮಾರು 40 ಜನಕ್ಕೆ ಒಂದೇ ಮೆಸೇಜ್ ಕಳಿಸಿದ್ದೆ. "ಡಿಯರ್ ಸರ್/ಮೇಡಂ" ಅಂತ ಶುರು, ಜೊತೆಗೆ ಹನ್ನೆರಡು ಪುಟದ ಪಿಡಿಎಫ್. ಮೂರು ಜನ ಉತ್ತರ ಕೊಟ್ಟರು. ಅದರಲ್ಲಿ ಒಬ್ಬರು "ನಾನು ಮೇಡಂ ಅಲ್ಲ" ಅಂತ ಮಾತ್ರ ಬರೆದಿದ್ದರು.

ಮೊದಲು ಒಪ್ಪಿದವರು ದೊಡ್ಡವರಲ್ಲ. ತಿಪಟೂರು ಕಡೆ ಕಂಪ್ಯೂಟರ್ ಸೆಂಟರ್ ನಡೆಸುವ ಒಬ್ಬ ಮೇಡಂ. ಅವರ ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂರು ಜನ ಇದ್ದರು. ನಾನು ಹೋಗಿ ಕಮಿಷನ್ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಸರಿ ಸರ್. ರಾತ್ರಿ ಹತ್ತು ಗಂಟೆಗೆ ಹುಡುಗ್ರು ಪಾಸ್‌ವರ್ಡ್ ಮರ್ತೋಯ್ತು ಅಂತ ನನಗೆ ಫೋನ್ ಮಾಡಿದ್ರೆ ನಾನೇನು ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಅದೇ ತಲೆಯಲ್ಲಿತ್ತು. ಒಂದು ಬೇರೆ ನಂಬರ್ ತೆಗೆದುಕೊಂಡೆ, ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಅದಕ್ಕೆ ನಾನೇ ಉತ್ತರ ಕೊಡುತ್ತೇನೆ ಅಂತ ಅವರಿಗೆ ತಿಳಿಸಿದೆ. ಅವರ ಗುಂಪಿನಿಂದ 11 ಜನ ಕೋರ್ಸ್ ಕೊಂಡರು. ಇಬ್ಬರು ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಮೇಡಂಗೆ ಒಂದೂ ಫೋನ್ ಹೋಗಲಿಲ್ಲ.

ಆ 11, ಆ 2, ಆ ಸೊನ್ನೆ, ಈ ಮೂರು ಅಂಕಿ ಆಮೇಲೆ ನನಗೆ ಹನ್ನೆರಡು ಪುಟದ ಪಿಡಿಎಫ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದವು. ದೊಡ್ಡವರ ಹತ್ತಿರ ಹೋಗುವ ಮುಂಚೆ ಚಿಕ್ಕ ಕಡೆ ಜಾಮೀನು ಉಳಿಸಿಕೊಂಡ ಲೆಕ್ಕ ಇರಬೇಕು.

ಇನ್ನೊಂದು ಅಂಕಿ ಅವರು ಕೇಳಿಯೇ ಕೇಳುತ್ತಾರೆ. "ನಾನು ಹಾಕಿದ ಲಿಂಕ್ ಒತ್ತಿದ ಒಬ್ಬೊಬ್ಬನಿಂದ ನನಗೆ ಎಷ್ಟು ಬರುತ್ತದೆ?" ಅಂತ. ಇಂಗ್ಲಿಷಿನವರು ಇದಕ್ಕೆ ಇಪಿಸಿ ಅನ್ನುತ್ತಾರೆ. ನನ್ನ ಕೋರ್ಸಿನ ಬೆಲೆ 2,499 ರೂಪಾಯಿ, ಜಿಎಸ್‌ಟಿ ಸೇರಿ. ಶೇ. 18 ತೆರಿಗೆ ತೆಗೆದರೆ 2,118 ಉಳಿಯುತ್ತದೆ. ಅದರಲ್ಲಿ ಶೇ. 40 ಅಂದರೆ 847 ರೂಪಾಯಿ ಪಾಲುದಾರರಿಗೆ. ನನ್ನ ಪೇಜ್ ನೋಡಿದ ನೂರು ಜನರಲ್ಲಿ ಒಂದೂವರೆ ಜನ ಕೊಳ್ಳುತ್ತಾರೆ (ಅರ್ಧ ಜನ ಯಾರು ಅಂತ ಕೇಳಬೇಡಿ). ಅಂದರೆ ಕ್ಲಿಕ್ಕಿಗೆ ಹನ್ನೆರಡೂವರೆ ರೂಪಾಯಿ ಹತ್ತಿರ. ಈ ಒಂದೂವರೆ ಎಲ್ಲಿಂದ ಬಂತು? ಸ್ವಂತ 5,000 ರೂಪಾಯಿ ಹಾಕಿ ಜಾಹೀರಾತು ಓಡಿಸಿದೆ. 600 ಜನ ಪೇಜಿಗೆ ಬಂದರು, 9 ಜನ ಕೊಂಡರು. ಲಾಭಕ್ಕಲ್ಲ, ಲೆಕ್ಕಕ್ಕೆ. ನಿಮ್ಮ ಪೇಜ್ ಮಾರುತ್ತದೋ ಇಲ್ಲವೋ ಅನ್ನುವುದನ್ನು ಬೇರೆಯವರ ಜನರ ಮೇಲೆ ಮೊದಲ ಸಲ ಪರೀಕ್ಷೆ ಮಾಡಬೇಡಿ. ಅವರು ಇನ್ನೊಂದು ಸಲ ಕೊಡುವುದಿಲ್ಲ.

ಇನ್ನು ಆ ದೊಡ್ಡ ಸರ್ ಕಥೆ. ಎಲ್ಲರೂ ಕೇಳುವುದು ಅವರ ಬಗ್ಗೆಯೇ. ಹೆಸರು ಬೇಡ, ಅಕೌಂಟ್ಸ್ ಕಲಿತವರಲ್ಲಿ ಅವರ ವಿಡಿಯೊ ನೋಡದವರು ಕಡಿಮೆ. ನಾನೂ ಅವರ ಹತ್ತಿರವೇ ಒಂದು ಪೇಯ್ಡ್ ವರ್ಕ್‌ಶಾಪ್ ಮಾಡಿದ್ದೆ. ನಿಜಕ್ಕೂ ಕಲಿಯೋಕೆ ಹೋಗಿದ್ದು, ಪರಿಚಯಕ್ಕಲ್ಲ. ಆದರೆ ಅದೇ ಪರಿಚಯ ಆಯಿತು. ನಾನು ಕಳಿಸಿದ ಮೆಸೇಜ್ ಇಷ್ಟು:

"ಸರ್, ನಿಮ್ಮ ಮಾರ್ಚ್ ಬ್ಯಾಚಿನಲ್ಲಿದ್ದೆ. ಬ್ಯಾಂಕ್ ರಿಕನ್ಸಿಲಿಯೇಶನ್ ನೀವು ಹೇಳಿಕೊಟ್ಟ ರೀತಿಯನ್ನೇ ನನ್ನ ಕೆಲಸದಲ್ಲಿ ಬಳಸುತ್ತಿದ್ದೇನೆ. ನಾನು ಹೊಸಬರಿಗೆ ಒಂದು ಟ್ಯಾಲಿ ಕೋರ್ಸ್ ಮಾಡಿದ್ದೇನೆ. ನಿಮ್ಮ ಚಾನೆಲ್‌ನಲ್ಲಿ ಎಂಟ್ರಿ ಹಾಕುವುದು ಹೇಗೆ ಅಂತ ಮೊದಲಿನಿಂದ ಕೇಳುವವರು ತುಂಬಾ ಜನ. ನೀವು ಅದನ್ನು ಮಾಡುವುದಿಲ್ಲ ಅಂತ ಹೇಳಿದ್ದೀರಿ. ಅಂಥವರಿಗೆ ಇದು ಆಗಬಹುದು. ಇಲ್ಲಿಯವರೆಗೆ ಒಂದು ಕಂಪ್ಯೂಟರ್ ಸೆಂಟರ್ ಮೂಲಕ 11 ಜನಕ್ಕೆ ಮಾರಿ 2 ರಿಫಂಡ್ ಆಗಿದೆ. ನೋಡಬೇಕು ಅನಿಸಿದರೆ ಲಾಗಿನ್ ಕಳಿಸುತ್ತೇನೆ."

ಇದರಲ್ಲಿ ಕಮಿಷನ್ ಅನ್ನುವ ಮಾತೇ ಇಲ್ಲ, ನೋಡಿ. ಅವರ ಜನಕ್ಕೆ ಏನು ಬೇಕು, ಅದು ಅವರ ಹತ್ತಿರ ಯಾಕಿಲ್ಲ ಅನ್ನುವುದು ಇದೆ. ರಿಫಂಡ್ ಆದದ್ದನ್ನೂ ನಾನೇ ಹೇಳಿಬಿಟ್ಟೆ.

ಉತ್ತರ ಬರಲಿಲ್ಲ. ಮೂರು ವಾರ ಆಯಿತು. ಬಿಡು ಅಂದುಕೊಂಡೆ. ಆಮೇಲೆ ಒಂದು ಸಂಜೆ ಫೋನ್ ಬಂತು.

"ನಿಮ್ಮ ಕೋರ್ಸ್ ನಮ್ಮ ಆಫೀಸ್ ಹುಡುಗನ ಹೆಸರಲ್ಲಿ ತಗೊಂಡಿದ್ದೆ. ಆರನೇ ದಿನ ಸುಮ್ನೆ ರಿಫಂಡ್ ಕೇಳಿಸ್ದೆ. ಎರಡು ದಿನಕ್ಕೆ ದುಡ್ಡು ಬಂತು. ಯಾಕೆ ಬೇಡ ಅಂತ ಒಂದು ಸಲ ಕೇಳಿದ್ರಿ, ಜಗಳ ಮಾಡ್ಲಿಲ್ಲ. ಈಗ ಮಾತಾಡೋಣ."

ನನಗೆ ಆ ಹುಡುಗನ ಹೆಸರು ನೆನಪೇ ಇರಲಿಲ್ಲ. ಬೆವರಿದ್ದು ಮಾತ್ರ ನೆನಪಿದೆ. ಅದೇ ವಾರ ಇನ್ನೊಬ್ಬರ ಮೆಸೇಜಿಗೆ ನಾನು ಮೂರು ದಿನ ಉತ್ತರ ಕೊಟ್ಟಿರಲಿಲ್ಲ. ಅದು ಇವರದ್ದಾಗಿದ್ದರೆ?

ಅವರದ್ದು ಒಂದೇ ತಕರಾರು. ನನ್ನ ಪೇಜಿನಲ್ಲಿ "ಶೇ. 100 ಕೆಲಸ ಗ್ಯಾರಂಟಿ" ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೆ. "ಇದನ್ನ ತೆಗೀರಿ. ನೀವು ಹೇಳಿದ್ದಕ್ಕೆ ನಾನು ದಂಡ ಕಟ್ಟಬೇಕಾ?" ಅಂದರು. ಮಾತಿಗೆ ಹೇಳಿದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಸರಕಿನವನಿಗೆ ಮಾತ್ರ ಅಲ್ಲ, ಅದು ಒಳ್ಳೆಯದು ಅಂತ ಹೇಳಿದವನಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳುವ ಮುಂಚೆ ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದರೆ ಅವನು ಪಾರು. ನಮ್ಮ ಸೊಸೈಟಿ ಜಾಮೀನಿಗಿಂತ ಇದು ವಾಸಿ. ಅಲ್ಲಿ ವಿಚಾರಿಸಿದ್ದೆ ಅಂದರೆ ಯಾರೂ ಬಿಡುವುದಿಲ್ಲ.

ಗ್ಯಾರಂಟಿ ಸಾಲು ಅವತ್ತೇ ತೆಗೆದೆ. ಮಾರಾಟ ಕಡಿಮೆ ಆಗಲಿಲ್ಲ. ಪಾಲು ಸಿಗುತ್ತದೆ ಅನ್ನುವುದನ್ನು ಅವರು ವಿಡಿಯೊದಲ್ಲೇ ಬಾಯಿಬಿಟ್ಟು ಹೇಳಿದರು. ಹೇಳಲೇಬೇಕು. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಆಸ್ಕಿ ಸಂಸ್ಥೆ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ನಿಯಮ ಕೊಟ್ಟಿವೆ. ಕೆಲವರು ನನಗೆ "ಅದೊಂದನ್ನ ಹೇಳ್ಬೇಡಿ ಅಂತ ಪಾಲುದಾರರಿಗೆ ಹೇಳಬಹುದಾ?" ಅಂತ ಕೇಳುತ್ತಾರೆ. ಹಾಗೆ ಕೇಳುವವರ ಸರಕನ್ನು ನಾನೂ ಮುಟ್ಟುವುದಿಲ್ಲ.

ಒಪ್ಪಿದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮೊದಲ ಲಾಂಚ್‌ನಲ್ಲೇ ಎಡವಿದೆ. ಸರ್ ವಿಡಿಯೊ ಹಾಕುವ ದಿನಾಂಕ ನನ್ನನ್ನೇ ಕೇಳಿದರು. ನಾನು ಪಂಚಾಂಗ ನೋಡಿ 19 ಅಂದೆ. ಅವರ ಜನ ಪೂರ್ತಿ ಟ್ಯಾಕ್ಸ್ ಆಫೀಸುಗಳಲ್ಲಿ, ಅಂಗಡಿ ಲೆಕ್ಕದಲ್ಲಿ ಕೂತವರು. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸೋಕೆ ಕೊನೆ ದಿನ. ಯಾರು ವಿಡಿಯೊ ನೋಡುತ್ತಾರೆ? ಜಿಎಸ್‌ಟಿ ಕಲಿಸುವವನಿಗೆ ಜಿಎಸ್‌ಟಿ ದಿನಾಂಕವೇ ಮರೆತುಹೋಗಿತ್ತು. ಅವರು ಪುಣ್ಯಕ್ಕೆ ನಕ್ಕರು, 24ಕ್ಕೆ ಇನ್ನೊಂದು ಸಲ ಹೇಳಿದರು. ನೀವು ಉಪ್ಪಿನಕಾಯಿ ಮಾರಿದರೂ ಅಷ್ಟೇ. ಪಾಲುದಾರರ ಜನ ಯಾವಾಗ ಬಿಡುವಾಗಿರುತ್ತಾರೆ ಅನ್ನುವುದನ್ನು ಅವರಿಗಿಂತ ಮೊದಲು ನೀವು ಯೋಚಿಸಿ.

ಲಿಂಕ್ ವಿಷಯದಲ್ಲೂ ಒಂದು ಪಾಠ ಆಯಿತು. ಪಾಲುದಾರರಿಗೆ ಲಿಂಕ್ ಕೊಟ್ಟರೆ ಸಾಕು, ಕುಕೀ (ಯಾರ ಲಿಂಕ್‌ನಿಂದ ಬಂದರು ಅಂತ ಬ್ರೌಸರ್‌ನಲ್ಲಿ ಉಳಿಯುವ ಗುರುತು) ಲೆಕ್ಕ ಇಡುತ್ತದೆ ಅಂತ ಪುಸ್ತಕದ ಮಾತು. ನಮ್ಮ ಜನ ಇನ್‌ಸ್ಟಾಗ್ರಾಂ ಒಳಗೇ ಲಿಂಕ್ ತೆರೆಯುತ್ತಾರೆ, ಯೋಚನೆ ಮಾಡುತ್ತಾರೆ, ರಾತ್ರಿ ಕ್ರೋಮ್‌ನಲ್ಲಿ ಹುಡುಕಿ ಬಂದು ಕೊಳ್ಳುತ್ತಾರೆ. ಇಲ್ಲವೇ ತಮ್ಮನ ಲ್ಯಾಪ್‌ಟಾಪ್‌ನಲ್ಲಿ. ಅದು ಬೇರೆ ಬ್ರೌಸರ್, ಕುಕೀ ಅಲ್ಲಿ ಇರುವುದಿಲ್ಲ. ಮಾರಾಟ ಪಾಲುದಾರರಿಂದ ಆದದ್ದು, ಲೆಕ್ಕ ನನ್ನ ಹೆಸರಿಗೆ. ಒಬ್ಬರು ಫೋನ್ ಮಾಡಿ "ನಮ್ಮ ಗುಂಪಲ್ಲೇ ಎಂಟು ಜನ ತಗೊಂಡ್ವಿ ಅಂತ ಹೇಳ್ತಿದಾರೆ, ನಿಮ್ಮ ಶೀಟಲ್ಲಿ ಮೂರಿದೆ" ಅಂದಾಗ ಗೊತ್ತಾಯಿತು. ನಾನು ಕದ್ದಿರಲಿಲ್ಲ, ಆದರೆ ಕದ್ದ ಹಾಗೇ ಕಾಣುತ್ತಿತ್ತು. ಐದರ ದುಡ್ಡು ಸೇರಿಸಿ ಕಳಿಸಿದೆ. ಈಗ ಲಿಂಕ್ ಜೊತೆ ಅವರ ಹೆಸರಿನ ಕೂಪನ್ ಕೋಡ್ ಕೊಡುತ್ತೇನೆ, ಕೊಳ್ಳುವವರಿಗೆ ಅದರಲ್ಲಿ ನೂರು ರೂಪಾಯಿ ಕಡಿಮೆ. ಕೋಡ್ ಹಾಕಿದರೆ ಯಾವ ಫೋನ್, ಯಾವ ಬ್ರೌಸರ್ ಅನ್ನುವ ಗೊಡವೆ ಇಲ್ಲ.

ದುಡ್ಡಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರಿಫಂಡ್ ಗಡುವು 15 ದಿನ, ಅದು ದಾಟಿದ ಮಾರಾಟದ ಪಾಲು ಮುಂದಿನ ತಿಂಗಳು 10ನೇ ತಾರೀಖು ಅವರ ಖಾತೆಗೆ. ಅವರು ಕೇಳುವ ಮುಂಚೆ. ನಮ್ಮದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಆದ್ದರಿಂದ ವರ್ಷದ ಕಮಿಷನ್ ಮಿತಿ ದಾಟಿದರೆ ಶೇ. 2 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬೇಕು. 2024ರ ಅಕ್ಟೋಬರ್‌ಗೆ ಮುಂಚೆ ಅದು ಶೇ. 5 ಇತ್ತು. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ಇದನ್ನೆಲ್ಲ ಮೊದಲೇ ಹೇಳಿಬಿಡಿ. ಕೊನೆಗೆ ಕಡಿಮೆ ದುಡ್ಡು ಬಂದು "ಇದೇನಿದು?" ಅಂತ ಅವರು ಕೇಳುವ ಹಾಗೆ ಆಗಬಾರದು.

"ಪಾಲು ಬೇಡ, ಒಂದು ವಿಡಿಯೊಗೆ ಇಷ್ಟು ಕೊಡಿ" ಅನ್ನುವವರೂ ಸಿಗುತ್ತಾರೆ. ತಪ್ಪೇನಲ್ಲ, ಅದು ಜಾಹೀರಾತು. ಆದರೆ ಮಾರಾಟ ಆದರೂ ಆಗದಿದ್ದರೂ ಅವರ ದುಡ್ಡು ಅವರಿಗೆ ಬಂದಿರುತ್ತದೆ. ನಾನು ಎರಡು ಸಲ ಕೊಟ್ಟೆ. ಒಂದರಲ್ಲಿ ಹಾಕಿದ್ದು ಬಂತು, ಇನ್ನೊಂದರಲ್ಲಿ ಚಹಾ ಖರ್ಚೂ ಹುಟ್ಟಲಿಲ್ಲ. ಹೊಸಬರು ಸಾಲ ಮಾಡಿ ಅತ್ತ ಹೋಗಬೇಡಿ. ಇನ್ನು "ನಿಮ್ಮ ಜನರ ನಂಬರ್ ಪಟ್ಟಿ ಕೊಡಿ, ನಾನೇ ಮೆಸೇಜ್ ಮಾಡ್ತೀನಿ" ಅಂತ ಪಾಲುದಾರರನ್ನು ಯಾವತ್ತೂ ಕೇಳಬೇಡಿ. ಜನ ನಂಬರ್ ಕೊಟ್ಟದ್ದು ಅವರಿಗೆ, ನಿಮಗಲ್ಲ.

ತಿಪಟೂರಿನ ಮೇಡಂ ಈಗಲೂ ಪ್ರತಿ ಬ್ಯಾಚಿಗೆ ಹೇಳುತ್ತಾರೆ. ದೊಡ್ಡ ಸರ್ ವರ್ಷಕ್ಕೆ ಎರಡು ಸಲ ಹೇಳುತ್ತಾರೆ. ಪ್ರತಿ ಸಲ ಅದಕ್ಕೆ ಮುಂಚೆ ಯಾರೋ ಒಬ್ಬರು ನಮ್ಮ ನಂಬರಿಗೆ ವಿಚಿತ್ರವಾದ ಪ್ರಶ್ನೆ ಕೇಳುತ್ತಾರೆ. ಅವರ ಕಡೆಯವರೇ ಅಂತ ನನ್ನ ಗುಮಾನಿ.

ಈಚೆಗೆ ನನ್ನ ಹತ್ತಿರವೂ ಜನ ಬರೋಕೆ ಶುರುವಾಗಿದೆ, ನಿಮ್ಮ ವಿದ್ಯಾರ್ಥಿಗಳಿಗೆ ನಮ್ಮದನ್ನು ಹೇಳಿ ಅಂತ. ಹೋದ ವಾರ ಒಬ್ಬರು ಬಿಲ್ಲಿಂಗ್ ಆ್ಯಪ್ ತಂದಿದ್ದರು. ಶೇ. 60 ಕೊಡುತ್ತಾರಂತೆ. ಕಾಫಿ ಕೊಡಿಸಿದೆ, "ನೋಡೋಣ" ಅಂದೆ. ಆ್ಯಪನ್ನು ನಮ್ಮ ಅಕ್ಕನ ಮಗನ ಹೆಸರಲ್ಲಿ ಕೊಂಡಿದ್ದೇನೆ. ನಾಡಿದ್ದು ಅವನು ರಿಫಂಡ್ ಕೇಳುತ್ತಾನೆ.