‘ಏನೂ ಖರ್ಚ ಆಗಿಲ್ರೀ ಮೇಡಂ’

ಸರ್ಕಾರಿ ಕೇಂದ್ರದಲ್ಲಿ ಟಿಬಿ ಔಷಧ ಫ್ರೀ. ಕಫ ಪರೀಕ್ಷೆಯೂ ಫ್ರೀ. ಹಾಗಾದರೆ ರೋಗಿಗೆ ಖರ್ಚು ಎಲ್ಲಿಂದ ಬಂತು? ನಾನು ಏನು ಕೆಲಸ ಮಾಡುತ್ತೇನೆ ಅಂತ ಹೇಳಿದಾಗ ಜಾಸ್ತಿ ಜನ ಕೇಳುವುದು ಇದನ್ನೇ. ಇದಕ್ಕೆ ಉತ್ತರ ಹುಡುಕುವುದೇ ನನ್ನ ಕೆಲಸ.

ಮುಂಬೈಯಲ್ಲಿ ಟಿಬಿ ರೋಗಿಗಳ ಖರ್ಚಿನ ಬಗ್ಗೆ ಅಧ್ಯಯನ ಮಾಡುವ ತಂಡವೊಂದರಲ್ಲಿ ನಾನಿದ್ದೇನೆ. ಗೋವಂಡಿ, ಮಾನ್‌ಖುರ್ದ್, ಸಾಯನ್ ಕೋಳಿವಾಡ ಕಡೆ ಕನ್ನಡದವರು ಸಿಕ್ಕರೆ ಸಂದರ್ಶನ ನನ್ನ ಪಾಲಿಗೆ ಬರುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದ ಕಟ್ಟಡ ಕೆಲಸದವರು, ಕುಂದಾಪುರ ಕಡೆಯ ಹೋಟೆಲ್ ಹುಡುಗರು, ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಅವರಲ್ಲಿ ನಮ್ಮವರು ಎಷ್ಟೋ.

‘ಟಿಬಿಗೆ ಅಂತ ಇಲ್ಲಿವರೆಗೆ ಎಷ್ಟು ಖರ್ಚಾಯಿತು?’ ಅಂತ ನೇರವಾಗಿ ಕೇಳಿದರೆ ಒಂದೇ ಉತ್ತರ. ‘ಏನೂ ಖರ್ಚ ಆಗಿಲ್ರೀ ಮೇಡಂ, ಎಲ್ಲಾ ಫ್ರೀ ಐತಿ.’ ಇದು ಸುಳ್ಳಲ್ಲ. ಸರ್ಕಾರಿ ಕೇಂದ್ರದ ಬೆಂಚಿನ ಮೇಲೆ ಕೂತಿದ್ದಾರೆ, ಎದುರಿಗೆ ಫಾರ್ಮ್ ಹಿಡಿದವಳು ಕೂತಿದ್ದಾಳೆ. ಇಲ್ಲಿ ಯಾರಾದರೂ ದುಡ್ಡು ತಗೊಂಡರಾ ಅಂತ ಚೆಕ್ ಮಾಡಲು ಬಂದಿದ್ದೇವೆ ಅಂತ ಅವರು ತಿಳಿಯುತ್ತಾರೆ. ಇಲ್ಲಿನ ಸಿಸ್ಟರ್ ಒಳ್ಳೆಯವರು, ಅವರಿಗೆ ಯಾಕೆ ತೊಂದರೆ ಕೊಡಬೇಕು? ಅದಕ್ಕೇ ‘ಏನೂ ಇಲ್ಲ’.

ಅದಕ್ಕೆ ನಾವು ದುಡ್ಡಿನ ಮಾತು ಮೊದಲು ಎತ್ತುವುದಿಲ್ಲ. ಕೆಮ್ಮು ಯಾವಾಗ ಶುರುವಾಯಿತು ಅಂತ ಶುರು ಮಾಡುತ್ತೇವೆ. ತಾರೀಕು ಯಾರಿಗೂ ನೆನಪಿರುವುದಿಲ್ಲ, ಆದರೆ ಗಣಪತಿ ಕೂರಿಸಿದ್ದು ನೆನಪಿರುತ್ತದೆ, ಊರ ಜಾತ್ರೆ ನೆನಪಿರುತ್ತದೆ. ಕಟ್ಟಡದವರಿಗೆ ‘ಆಗ ಎಷ್ಟನೇ ಮಹಡಿ ಸ್ಲ್ಯಾಬ್ ನಡೀತಿತ್ತು?’ ಅಂತ ಕೇಳಿದರೆ ಸಾಕು, ತಿಂಗಳು ಪಕ್ಕಾ ಸಿಗುತ್ತದೆ. ಆಮೇಲೆ ಕೇಳುವುದು: ಮೊದಲು ಯಾರ ಹತ್ತಿರ ಹೋದಿರಿ? ರಿಕ್ಷಾದಲ್ಲಾ, ನಡೆದುಕೊಂಡಾ? ಜೊತೆಗೆ ಯಾರು ಬಂದರು? ಅವರ ಅವತ್ತಿನ ಕೂಲಿ ಏನಾಯಿತು? ಒಂದು ಮನೆಯಿಂದ ಇನ್ನೊಂದಕ್ಕೆ, ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ, ಅವರು ನಡೆದ ದಾರಿಯಲ್ಲೇ ನಾವೂ ಮಾತಲ್ಲಿ ನಡೆಯುತ್ತೇವೆ.

ಇನ್ನೊಂದು ಸಂಗತಿ ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಅವರಿರುವ ಪ್ರತಿ ಖೋಲಿಯಲ್ಲೂ (ಕೋಣೆಯಲ್ಲೂ) ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿರುತ್ತದೆ. ಎಕ್ಸ್‌ರೇ, ಚೀಟಿ, ಮೆಡಿಕಲ್ ಅಂಗಡಿಯ ಬಿಲ್ಲು, ಎಲ್ಲಾ ಅದರೊಳಗೆ. ಅದನ್ನು ನೆಲದ ಮೇಲೆ ತಾರೀಕಿನ ಪ್ರಕಾರ ಹರಡಿ ನೋಡಬೇಕು. ಯಾದಗಿರಿ ಕಡೆಯ ಒಬ್ಬ ಸೆಂಟ್ರಿಂಗ್ ಕೆಲಸದವರ ಚೀಲದಲ್ಲಿ ಮೂರು ಎಕ್ಸ್‌ರೇ ಇದ್ದವು, ಮೂರೂ ಬೇರೆ ಬೇರೆ ಕಡೆ ತೆಗೆಸಿದ್ದು. ಮೊದಲು ಓಣಿಯ ಡಾಕ್ಟರ್, ಇಂಜೆಕ್ಷನ್, ಕೆಮ್ಮಿನ ಸಿರಪ್. ಎರಡು ವಾರ ಬಿಟ್ಟು ಮತ್ತೆ ಅಲ್ಲಿಗೇ. ಆಮೇಲೆ ಸ್ಟೇಷನ್ ಹತ್ತಿರದ ಇನ್ನೊಬ್ಬರು, ರಕ್ತ ಪರೀಕ್ಷೆ, ಬೇರೆ ಆ್ಯಂಟಿಬಯಾಟಿಕ್. ಕಫ ಪರೀಕ್ಷೆ ಮಾಡಿಸಿ ಅಂತ ಯಾವ ಚೀಟಿಯಲ್ಲೂ ಇರಲಿಲ್ಲ. ಕೊನೆಗೆ ಪಕ್ಕದ ಖೋಲಿಯವರು ಹೇಳಿದ ಮೇಲೆ ಸರ್ಕಾರಿ ಕೇಂದ್ರಕ್ಕೆ ಬಂದರು. ಅಷ್ಟರೊಳಗೆ ಮುಕಾದಮನ (ಕೂಲಿಯವರ ಮೇಸ್ತ್ರಿಯ) ಹತ್ತಿರ ಕೈಗಡ ತಗೊಂಡಾಗಿತ್ತು, ಹೆಂಡತಿಯ ಓಲೆ ಒತ್ತೆ ಬಿದ್ದಿತ್ತು. ‘ಏನೂ ಖರ್ಚ ಆಗಿಲ್ಲ’ ಅಂದವರೂ ಇವರೇ.

ಇದು ಒಬ್ಬರ ಕಥೆ ಅಲ್ಲ. ಮುಂಬೈ ಮತ್ತು ಪಟ್ನಾದಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತರಬೇತಿ ಕೊಟ್ಟ ಜನರನ್ನು ಟಿಬಿ ಲಕ್ಷಣ ಇರುವ ರೋಗಿಗಳ ಹಾಗೆ ಖಾಸಗಿ ಡಾಕ್ಟರುಗಳ ಹತ್ತಿರ ಕಳಿಸಿದರು. ಅಂಥ 2,600ಕ್ಕೂ ಹೆಚ್ಚು ಭೇಟಿಗಳಲ್ಲಿ ಸರಿಯಾದ ದಾರಿ ತೋರಿಸಿದ್ದು ನೂರಕ್ಕೆ ಸುಮಾರು 35ರಲ್ಲಿ ಮಾತ್ರ. ಉಳಿದ ಕಡೆ ಆ್ಯಂಟಿಬಯಾಟಿಕ್, ಸಿರಪ್‌ಗಳೇ ಜಾಸ್ತಿ. ಆ ಅಂಕಿ ಓದಿದ ಮೇಲೆ ನನಗೆ ಆ ಚೀಲಗಳು ಬೇರೆ ಥರವೇ ಕಾಣತೊಡಗಿದವು. ರೋಗಿ ತಡ ಮಾಡಿದ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಅವನು ತಡ ಮಾಡಿಲ್ಲ. ಮೊದಲ ವಾರದಿಂದಲೇ ದುಡ್ಡು ಕೊಟ್ಟು ಡಾಕ್ಟರ ಬಾಗಿಲು ತಟ್ಟಿದ್ದಾನೆ.

ಈಗ ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: ಟಿಬಿಯಿಂದ ಆದ ಒಟ್ಟು ಖರ್ಚು ಮತ್ತು ಕಳೆದುಕೊಂಡ ಆದಾಯ ಸೇರಿ ಕುಟುಂಬದ ವರ್ಷದ ಆದಾಯದ ಶೇಕಡಾ 20 ದಾಟಿದರೆ ಅದು ಆ ಮನೆಯನ್ನು ಮುಳುಗಿಸುವ ವೆಚ್ಚ. 2020ರ ಹೊತ್ತಿಗೆ ಯಾವ ಕುಟುಂಬಕ್ಕೂ ಹಾಗೆ ಆಗಬಾರದು ಅಂತ ಗುರಿ ಇಟ್ಟಿದ್ದರು. ಒಂದು ಉದಾಹರಣೆ ನೋಡಿ. ತಿಂಗಳಿಗೆ 15,000 ರೂಪಾಯಿ ದುಡಿಯುವ ಮನೆ. ವರ್ಷಕ್ಕೆ 1,80,000. ಶೇಕಡಾ 20 ಅಂದರೆ 36,000. ಟಿಬಿ ಅಂತ ಗೊತ್ತಾಗುವ ಮೊದಲೇ 8,000 ಖರ್ಚಾಗಿದೆ ಅಂದುಕೊಳ್ಳಿ. ಸುಸ್ತಾಗಿ ಎರಡು ತಿಂಗಳು ಕೆಲಸಕ್ಕೆ ಹೋಗಲಾಗಲಿಲ್ಲ, 30,000. ಒಟ್ಟು 38,000. ಟಿಬಿ ಮಾತ್ರೆಗೆ ಒಂದು ಪೈಸೆ ಕೊಡದೆ ಆ ಗೆರೆ ದಾಟಿಯಾಯಿತು.

ಆದರೆ ಕಳೆದುಹೋದ ಆದಾಯವನ್ನು ಹೇಗೆ ಎಣಿಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಇದಕ್ಕೆ ಎರಡು ವಿಧಾನ ಇವೆ. ಒಂದರಲ್ಲಿ ಆಸ್ಪತ್ರೆಗೆ ಹೋಗಿ ಬರಲು, ಕಾಯಲು ಹೋದ ಗಂಟೆಗಳನ್ನು ಕೂಡಿ ಕೂಲಿಯಿಂದ ಗುಣಿಸುತ್ತಾರೆ. ಇನ್ನೊಂದರಲ್ಲಿ ಕಾಯಿಲೆಗೆ ಮೊದಲಿನ ಆದಾಯ ಎಷ್ಟು, ಈಗ ಎಷ್ಟು ಅಂತ ಕಳೆಯುತ್ತಾರೆ. ಆ ಸೆಂಟ್ರಿಂಗ್ ಕೆಲಸದವರಿಗೆ ಮೊದಲ ವಿಧಾನ ಹಾಕಿದರೆ ನಾಲ್ಕೈದು ದಿನದ ಕೂಲಿ ಹೋಯಿತು ಅಂತ ಬರುತ್ತದೆ, ಅಷ್ಟೇ. ಎರಡನೆಯದು ಹಾಕಿದರೆ ತಿಂಗಳುಗಟ್ಟಲೆ. ನಿಜ ಯಾವುದು ಅಂತ ಅವರ ಮನೆಯ ಡಬ್ಬಿ ನೋಡಿದವರಿಗೆ ಗೊತ್ತು. ದಿನಗೂಲಿಯವರಿಗೆ ಎರಡನೆಯ ವಿಧಾನವೇ ಸರಿ ಅಂತ ನಾನು ತಂಡದಲ್ಲಿ ಪ್ರತಿ ಸಲ ವಾದ ಮಾಡುತ್ತೇನೆ.

ಅದೇ ವಿಧಾನ ಹೆಂಗಸರ ವಿಷಯದಲ್ಲಿ ಕೈ ಕೊಡುತ್ತದೆ. ಮನೆಯಲ್ಲಿರುವ ಹೆಂಗಸಿಗೆ ಟಿಬಿ ಬಂದರೆ? ಮೊದಲೂ ಆದಾಯ ಇಲ್ಲ, ಈಗಲೂ ಇಲ್ಲ, ನಷ್ಟ ಸೊನ್ನೆ! ನೀರು ಹಿಡಿಯುವವರು ಯಾರು, ರೊಟ್ಟಿ ಬಡಿಯುವವರು ಯಾರು, ಮಗುವನ್ನು ನೋಡಿಕೊಳ್ಳುವವರು ಯಾರು? ಒಂದು ಮನೆಯಲ್ಲಿ ಅಮ್ಮ ಮಲಗಿದ ಮೇಲೆ ದೊಡ್ಡ ಹುಡುಗಿ ಶಾಲೆ ಬಿಟ್ಟಿದ್ದಳು. ಅವಳು ಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ‘ಮಕ್ಕಳ ಓದು ನಿಂತಿತೇ?’ ಅನ್ನುವ ಸಾಲಿದೆ, ಟಿಕ್ ಹಾಕಿದೆ. ಆದರೆ ಆ ಟಿಕ್ ರೂಪಾಯಿಯ ಮೊತ್ತಕ್ಕೆ ಸೇರುವುದಿಲ್ಲ. ವರದಿ ಬರೆಯುವಾಗ ಅಂಥ ಮನೆಗಳನ್ನು ಬೇರೆಯಾಗಿಯೇ ತೋರಿಸಬೇಕು ಅಂತ ಹಟ ಹಿಡಿದು ಬರೆಸಿದ್ದೇನೆ, ಇನ್ನು ಮುಂದೆಯೂ ಬರೆಸುತ್ತೇನೆ.

ಖರ್ಚಿನ ಲೆಕ್ಕ ಯಾಕೆ ಇಷ್ಟು ಮುಖ್ಯ ಅಂದರೆ, ಅದು ನೇರವಾಗಿ ತಟ್ಟೆಗೆ ಹೋಗಿ ಮುಟ್ಟುತ್ತದೆ. ದುಡ್ಡು ಕಡಿಮೆಯಾದಾಗ ಮನೆಯವರು ಮೊದಲು ಕಡಿಮೆ ಮಾಡುವುದು ಬೇಳೆ, ಮೊಟ್ಟೆ, ಹಾಲನ್ನು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನಲ್ಲಿ ಮಾಡಿದ ‘ರೇಷನ್ಸ್’ ಅಧ್ಯಯನ 2023ರಲ್ಲಿ ಬಂತು. 2,800 ರೋಗಿಗಳಿಗೆ ತಿಂಗಳಿಗೆ 10 ಕೆಜಿಯ ಆಹಾರದ ಬುಟ್ಟಿ ಕೊಟ್ಟರು. ಅರ್ಧದಷ್ಟು ಕಡೆ ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5 ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ! ದೊಡ್ಡ ಮಷೀನು ಯಾವುದೂ ಇಲ್ಲ.

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಗಳಿಗೆ ಪೌಷ್ಟಿಕ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಒಳ್ಳೆಯದಾಯಿತು. ಆದರೆ ದುಡ್ಡು ಬ್ಯಾಂಕ್ ಖಾತೆಗೇ ಬರಬೇಕು. ನಮ್ಮವರಲ್ಲಿ ಎಷ್ಟೋ ಜನರ ಖಾತೆ ಊರಲ್ಲಿ, ಪಾಸ್‌ಬುಕ್ ಅಪ್ಪನ ಟ್ರಂಕಿನಲ್ಲಿ, ಮೊಬೈಲ್ ನಂಬರ್ ಹಳೆಯದು. ಹಾಗಾಗಿ ಈಗ ಸಂದರ್ಶನ ಮುಗಿದ ಕೂಡಲೇ ಖಾತೆಯ ವಿಷಯ ಕೇಳಿ, ಕೇಂದ್ರದ ಆರೋಗ್ಯ ಕಾರ್ಯಕರ್ತರಿಗೆ ಅಲ್ಲೇ ಹೇಳಿ ಬರುತ್ತೇವೆ. ಸಂಶೋಧನೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಯಾರಾದರೂ ಅಂದರೆ ಅನ್ನಲಿ.

ಔಷಧ ನಡುವೆ ಬಿಡುವವರ ಪಟ್ಟಿ ಕೂಡ ಖರ್ಚಿನ ಕಣ್ಣಿನಿಂದ ನೋಡಿದರೆ ಬೇರೆ ಕಾಣುತ್ತದೆ. ಕೆಲಸ ಹೋಯಿತು, ಖೋಲಿಯ ಬಾಡಿಗೆ ಕಟ್ಟಲಾಗದು, ಊರಿಗೆ ಹೋದರೆ ಬಾಡಿಗೆಯಾದರೂ ಉಳಿಯುತ್ತದೆ. ಹೋಗಿಬಿಡುತ್ತಾರೆ. ಮಾತ್ರೆಯ ಮೇಲೆ ಬೇಸರ ಬಂದು ಅಲ್ಲ. ಹೋಗುವ ಮೊದಲು ಕೇಂದ್ರಕ್ಕೆ ಹೇಳಿದರೆ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅವರ ಹೆಸರು ವರ್ಗ ಆಗುತ್ತದೆ, ಆರು ತಿಂಗಳ ಕೋರ್ಸ್ ಅಲ್ಲೇ ಮುಂದುವರಿಯುತ್ತದೆ. ಈ ಒಂದು ಮಾತನ್ನು ಮೊದಲ ದಿನವೇ, ಅವರ ಭಾಷೆಯಲ್ಲಿ ಹೇಳಬೇಕು. ಜೊತೆಗೆ ಸಂಜೆ ಹೊತ್ತಲ್ಲಿ ಒಂದೆರಡು ಗಂಟೆ ಔಷಧ ಕೊಟ್ಟರೆ ಕೆಲಸಕ್ಕೆ ರಜೆ ಹಾಕುವುದು ಎಷ್ಟೋ ತಪ್ಪುತ್ತದೆ. ಇವೆರಡನ್ನೂ ನಮ್ಮ ವರದಿಯ ಮೊದಲ ಪುಟದಲ್ಲೇ ಹಾಕಿದ್ದೇವೆ.

ಮುಂಬೈಯಲ್ಲಿ ಹೋಟೆಲ್ ನಡೆಸುವ ನಮ್ಮವರು, ಕಟ್ಟಡದ ಗುತ್ತಿಗೆ ಮಾಡುವ ನಮ್ಮವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಹುಡುಗನಿಗೆ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಮೊದಲೇ ಸರ್ಕಾರಿ ಕೇಂದ್ರಕ್ಕೆ ಕಫ ಪರೀಕ್ಷೆಗೆ ಕಳಿಸಿ, ಅವತ್ತಿನ ಸಂಬಳ ಹಿಡಿಯಬೇಡಿ. ಟಿಬಿ ಅಂತ ಬಂದರೆ ಕೆಲಸದಿಂದ ತೆಗೆಯಬೇಡಿ. ಸರಿಯಾದ ಔಷಧ ಶುರುವಾಗಿ ಕೆಲವು ವಾರ ಕಳೆದರೆ ಸಾಮಾನ್ಯವಾಗಿ ಬೇರೆಯವರಿಗೆ ಹರಡುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ. ಯಾವಾಗ ಕೆಲಸಕ್ಕೆ ಬರಬಹುದು ಅಂತ ಡಾಕ್ಟರೇ ಹೇಳುತ್ತಾರೆ. ಅಲ್ಲಿಯವರೆಗೆ ಅರ್ಧ ಸಂಬಳ ಕೊಟ್ಟು ಅವನ ಜಾಗ ಉಳಿಸಿಡಿ. ಕನ್ನಡದಲ್ಲಿ ಮಾತಾಡುವವರು ಬೇಕಾದರೆ ಕೇಂದ್ರದಲ್ಲಿ ಕೇಳಿ. ನನ್ನ ಕೈಲಾದರೆ ನಾನೇ ಬರುತ್ತೇನೆ.