ಜಂಬುವಿನಿಂದ ಇಳಿದ ಜಂಬ

"ವ್ಯುತ್ಪತ್ತಿ ನೋಡಿ." ಅನುವಾದ ಪರಿಶೀಲಿಸುವ ಇಂಡೊನೇಷ್ಯಾದ ರಿವ್ಯೂವರ್ ಕೆಂಪು ಗುರುತು ಹಾಕಿದ್ದ ಸೆಗ್ಮೆಂಟನ್ನು, ಅಂದರೆ ಪಠ್ಯದ ಒಂದು ತುಣುಕನ್ನು, ಮತ್ತೆ ಹಸಿರಾಗಿಸಿ ನಾನು ಬರೆದ ಟಿಪ್ಪಣಿ ಅದು. ನಮ್ಮ ಅನುವಾದದ ಟೂಲಿನಲ್ಲಿ ಟಿಪ್ಪಣಿಗಳನ್ನು ಅಳಿಸಲು ಬರುವುದಿಲ್ಲ. ಹೊಸಬರಿಗೆ ತರಬೇತಿ ಕೊಡುವಾಗಲೆಲ್ಲ ಯಾರಾದರೊಬ್ಬರು ಅದನ್ನು ತೆರೆದು ತೋರಿಸುತ್ತಾರೆ.

ಗ್ರಾಹಕರು ಹಣ್ಣಿನ ರಸ ಮತ್ತು ಒಣಹಣ್ಣು ರಫ್ತು ಮಾಡುವವರು. ಮೂಲ ಕ್ಯಾಟಲಾಗ್ ಇಂಡೊನೇಷ್ಯನ್ ಮತ್ತು ಥಾಯ್ ಭಾಷೆಗಳಲ್ಲಿ. ನಾವು ಮಾಡಬೇಕಾದದ್ದು ಕನ್ನಡ, ಹಿಂದಿ, ಮರಾಠಿ, ಬಂಗಾಳಿ. ಟರ್ಮ್‌ಬೇಸ್, ಅಂದರೆ ಯಾವ ಪದಕ್ಕೆ ಯಾವ ಪದ ಎಂಬ ಪಟ್ಟಿ, ನನ್ನ ಸುಪರ್ದಿಯಲ್ಲಿತ್ತು. ಮ್ಯಾನೇಜರ್‌ಗೆ ಹಳೆಯ ಅನುವಾದಗಳ ಮರುಬಳಕೆಯ ಶೇಕಡಾವಾರು ಏರಬೇಕು, ಅದೊಂದೇ ಚಿಂತೆ. ಮರುಬಳಕೆ ಏರಿದಷ್ಟೂ ಅನುವಾದಕರಿಗೆ ಕೊಡುವ ಹಣ ಇಳಿಯುತ್ತದೆ ಎಂಬುದನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆಗ ನಾನು ಮುಂದಿಟ್ಟ ಉಪಾಯವೇ 'ಸಂಸ್ಕೃತ ಮೂಲ' ಎಂಬ ಹೊಸ ಕಾಲಂ. ಒಂದೇ ಮೂಲದಿಂದ ಬಂದ ಹೆಸರುಗಳನ್ನು ಒಂದೇ ಕಾನ್ಸೆಪ್ಟ್ ಐಡಿಗೆ, ಅಂದರೆ ಒಂದೇ ಅರ್ಥದ ಗುರುತಿಗೆ, ಕಟ್ಟಿ ಲಾಕ್ ಮಾಡಿಬಿಟ್ಟರೆ ಉಳಿದದ್ದನ್ನು ಟೂಲ್ ತುಂಬಿಕೊಳ್ಳುತ್ತದೆ. ಮೊದಲು ಹಾಕಿದ್ದು 'ದಾಡಿಮ'. ಕನ್ನಡದಲ್ಲಿ ದಾಳಿಂಬೆ, ಮರಾಠಿಯಲ್ಲಿ ಡಾಳಿಂಬ, ಬಂಗಾಳಿಯಲ್ಲಿ ಡಾಲಿಮ್, ಸಿಂಹಳದಲ್ಲಿ ದೆಲುಮ್, ಸಮುದ್ರ ದಾಟಿದರೆ ಮಲಯ್ ಮತ್ತು ಇಂಡೊನೇಷ್ಯನ್‌ನಲ್ಲಿ ದೆಲಿಮಾ. ಎಲ್ಲಿ ಹೋದರೂ ಅದೇ ಕೆಂಪು ಬೀಜದ ಹಣ್ಣು. ಅಲ್ಲಿ ಮಾಣಿಕ್ಯದ ಹರಳಿಗೂ ದೆಲಿಮಾ ಎನ್ನುತ್ತಾರೆಂದು ಗೊತ್ತಾದಾಗ ಆ ಹೋಲಿಕೆಯ ಸೊಗಸಿಗೆ ತಲೆದೂಗಿದ್ದೆ. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಸಂಸ್ಕೃತ ಗೊತ್ತಿದ್ದರೆ ಅರ್ಧ ಏಷ್ಯಾ ಗೊತ್ತಿದ್ದಂತೆ ಎಂದು ನಾನೇ ಹೇಳಿದ ನೆನಪು.

ಮುಂದಿನ ಸಾಲು 'ಜಂಬು'. ಸಂಸ್ಕೃತದ ಜಂಬು ಎಂದರೆ ನಮ್ಮ ನೇರಳೆ. ಹಿಂದಿಯ ಜಾಮುನ್, ಮರಾಠಿಯ ಜಾಂಭೂಳ್, ಬಂಗಾಳಿಯ ಜಾಮ್ ಎಲ್ಲವೂ ಅದರ ಮಕ್ಕಳೇ. ಇಂಡೊನೇಷ್ಯನ್‌ನಲ್ಲಿ ಜಂಬು, ಥಾಯ್‌ನಲ್ಲಿ ಚೋಂಫು. ಕಟ್ಟಿದೆ, ಲಾಕ್ ಮಾಡಿದೆ, ಊಟಕ್ಕೆ ಹೋದೆ.

ಫೈಲುಗಳು ಮುದ್ರಣಕ್ಕೆ ಹೋಗಬೇಕಿದ್ದ ಮಧ್ಯಾಹ್ನ ಪುಟ ವಿನ್ಯಾಸ ಮಾಡುವ ಡಿಟಿಪಿಯ ಹುಡುಗ ಫೋನ್ ಮಾಡಿದ. "ಸರ್, ಡಬ್ಬಿಯ ಮೇಲೆ ಸೀಬೆಹಣ್ಣಿನ ಚಿತ್ರವಿದೆ, ಹೆಸರು ಮಾತ್ರ ನೇರಳೆ ರಸ ಎಂದಿದೆ. ಯಾವುದನ್ನು ಬದಲಿಸಲಿ?"

ಚಿತ್ರವನ್ನು ಬದಲಿಸು ಎಂದೆ.

ಅವನು ಒಂದು ಗಳಿಗೆ ಸುಮ್ಮನಿದ್ದ. ಗ್ರಾಹಕರು ಎಲ್ಲಿಂದಲೋ ತಪ್ಪು ಫೋಟೊ ಎತ್ತಿಕೊಂಡು ಹಾಕಿರುತ್ತಾರೆ, ಇದೇನು ಹೊಸದಲ್ಲ ಎಂದು ನಾನೇ ವಿವರಿಸಿದೆ. ಅವನು ಎದುರಾಡಲಿಲ್ಲ, ಕಡುಗಪ್ಪು ನೇರಳೆಯ ಗೊಂಚಲನ್ನು ತಂದು ಕೂರಿಸಿ ಪ್ರೂಫ್ ಕಳುಹಿಸಿದ. ಪಕ್ಕದಲ್ಲಿ ಲೋಟದ ತುಂಬ ತಿಳಿ ಗುಲಾಬಿ ಬಣ್ಣದ, ಮಂದವಾದ ರಸ. ನೇರಳೆ ತಿಂದು ನಾಲಿಗೆ ಕಪ್ಪಾಗಿಸಿಕೊಂಡವರು ಯಾರೇ ಆದರೂ ಅಲ್ಲಿಗೇ ನಿಲ್ಲುತ್ತಿದ್ದರು. ನಾನು ಫಾಂಟ್ ಅಳತೆ ಸರಿಯಿದೆಯೇ ಎಂದು ನೋಡಿದೆ.

ರಿವ್ಯೂವರ್ ಮತ್ತೆ ಕೆಂಪು ಹಾಕಿದ್ದಳು. ಈ ಸಲ ವಾದವಿಲ್ಲ, ಒಂದು ಫೋಟೊ ಮಾತ್ರ: ತಟ್ಟೆಯಲ್ಲಿ ಎರಡು ಹೋಳಾದ ಹಣ್ಣು, ಹಸಿರು ಸಿಪ್ಪೆ, ಗುಲಾಬಿ ತಿರುಳು, ನಡುವೆ ಹಲ್ಲಿಗೆ ಸಿಕ್ಕಿಕೊಳ್ಳುವಂಥ ಪುಟ್ಟ ಬೀಜಗಳು. ಸೀಬೆಯೇ. ಮೂಲ ಸೆಗ್ಮೆಂಟಿನಲ್ಲಿ ಇದ್ದದ್ದು 'ಜಂಬು ಬಿಜಿ', ಬೀಜದ ಜಂಬು. ನನ್ನ ಲಾಕ್ ಮೊದಲ ಪದವನ್ನು ಕಚ್ಚಿಕೊಂಡು ಎರಡನೆಯದನ್ನು ಉಗುಳಿತ್ತು.

ಇಂಡೊನೇಷ್ಯಾದಲ್ಲಿ ಜಂಬು ಎಂಬುದು ಒಂದು ಮನೆತನದ ಹೆಸರು. ನೀರು ತುಂಬಿದ, ಗಂಟೆಯಾಕಾರದ ಹಣ್ಣು ಜಂಬು ಆಯೆರ್. ಸೀಬೆ ಜಂಬು ಬಿಜಿ. ಗೇರು ಜಂಬು ಮೆತೆ. ಸೀಬೆ, ಗೇರು ಎರಡೂ ಅಮೆರಿಕ ಖಂಡದ ಮೂಲದವು, ಯುರೋಪಿನವರ ಹಡಗುಗಳು ಬಂದ ಮೇಲೆ ಏಷ್ಯಾಕ್ಕೆ ಇಳಿದವು. ಬಂದವಕ್ಕೆಲ್ಲ ಅಲ್ಲಿನವರು ಇದ್ದ ಹೆಸರನ್ನೇ ಹಂಚಿದರು. ನಿಜವಾದ ನೇರಳೆಗೆ ಅಲ್ಲಿ ಜಂಬ್ಲಾಂಗ್ ಎನ್ನುತ್ತಾರೆ, ಥಾಯ್‌ನಲ್ಲಿ 'ವಾ'. ಸಿಂಹಳದವರೂ ನೇರಳೆಯನ್ನು ಮಾದನ್ ಎಂದು ಕರೆದು ಜಂಬುವನ್ನು ಬೇರೆ ಹಣ್ಣಿಗೆ ಕೊಟ್ಟಿದ್ದಾರೆ. ಲಿನೇಯಸ್ ಕೂಡ 1753ರಲ್ಲಿ ಯುಜೀನಿಯಾ ಜಾಂಬೋಸ್ ಎಂದು ಹೆಸರಿಟ್ಟದ್ದು ನೇರಳೆಗಲ್ಲ, ಪನ್ನೇರಳೆಗೆ. ಪಕ್ಕದ ಮೇಜಿನ ಬಂಗಾಳಿ ಸಹೋದ್ಯೋಗಿಯನ್ನು ಕೇಳಿದ್ದರೂ ಸಾಕಿತ್ತು: ಅವರಿಗೆ ಜಾಮ್ ಬೇರೆ, ಆ ಗಂಟೆಯಾಕಾರದ ಹಣ್ಣು ಜಾಮ್ರುಲ್ ಬೇರೆ. ಥಾಯ್ ಚೋಂಫು ಹೋಗಿ ಕೂರಬೇಕಾದದ್ದು ಜಾಮ್ರುಲ್ ಪಕ್ಕದಲ್ಲಿ.

ಅನ್‌ಲಾಕ್ ಮಾಡಲು ಅಡ್ಮಿನ್ ಬೇಕು. ಅಡ್ಮಿನ್ ಕಾಲ್‌ನಲ್ಲಿದ್ದರು. ಲಾಕ್ ಆದ ಕಾನ್ಸೆಪ್ಟನ್ನು ಒಡೆಯಲು ಬರುವುದಿಲ್ಲ, ಪೂರ್ತಿ ಅಳಿಸಿ ಹೊಸದಾಗಿ ಕಟ್ಟಬೇಕು, ಎಲ್ಲ ಭಾಷೆಗಳ ಹಿಸ್ಟರಿಯೂ ಅದರೊಂದಿಗೆ ಹೋಗುತ್ತದೆ ಎಂದು ಟೂಲ್ ಎಚ್ಚರಿಸಿತು. ಇಂಥ ಟೂಲನ್ನು ಲೈಸೆನ್ಸ್ ತೆತ್ತು ತಂದವರು ಯಾವತ್ತಾದರೂ ಒಂದು ಸಾಲನ್ನು ತಿದ್ದಿ ನೋಡಿದ್ದಾರೆಯೇ? ಪ್ರೆಸ್ಸಿನವರು ಗ್ರೂಪಿನಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪರದೆಯ ಮೇಲಿನ ಚಕ್ರ ತಿರುಗುತ್ತಿತ್ತು. ಡಿಟಿಪಿಯ ಹುಡುಗ ನನ್ನ ಹಿಂದೆ ಬಂದು ನಿಂತ. ನೇರಳೆಯ ಗೊಂಚಲನ್ನು ತೆಗೆದು ಹಳೆಯ ಚಿತ್ರವನ್ನು ಆಗಲೇ ಕೂರಿಸಿದ್ದನಂತೆ.

ರಸದ ಡಬ್ಬಿ ಸರಿಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು, ಮತ್ತು ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಅದೇ. ಥಾಯ್‌ನಲ್ಲಿ ಚೋಂಫು ಹಣ್ಣನ್ನು ಬರೆಯುವಾಗ ಅಕ್ಷರದ ನೆತ್ತಿಯ ಮೇಲೆ ಒಂದು ಪುಟ್ಟ ನೆಟ್ಟನೆಯ ಗೆರೆ ಇರುತ್ತದೆ. ಆ ಗೆರೆ ಇಲ್ಲದಿದ್ದರೆ ಅದು ಗುಲಾಬಿ ಬಣ್ಣ. ಟೂಲಿಗೆ ಇವೆರಡೂ ಫಝಿ ಮ್ಯಾಚ್, ಅಂದರೆ ಹೆಚ್ಚುಕಡಿಮೆ ಒಂದೇ. ಬಣ್ಣದ ಕಾಲಂಗೂ ಹಣ್ಣಿನ ಸಾಲನ್ನೇ ತಂದು ಸುರಿದಿತ್ತು. ಕನ್ನಡದಲ್ಲಿ 'ಬಣ್ಣ: ನೇರಳೆ'. ಯಾರಿಗೆ ಅನುಮಾನ ಬಂದೀತು? ನೇರಳೆ ನಮ್ಮಲ್ಲಿ ಬಣ್ಣವೂ ಹೌದು. ಹಿಂದಿಯಲ್ಲಿ ಜಾಮುನಿ, ಮರಾಠಿಯಲ್ಲಿ ಜಾಂಭಳಾ ಎಂಬ ಬಣ್ಣಗಳಿರುವುದರಿಂದ ಆ ಭಾಷೆಗಳ ಲಿಂಗ್ವಿಸ್ಟ್‌ಗಳು ಹಣ್ಣಿನ ಹೆಸರನ್ನು ಬಣ್ಣದ ರೂಪಕ್ಕೆ ನೀಟಾಗಿ ತಿದ್ದಿಕೊಟ್ಟಿದ್ದರು. ಗುಣಮಟ್ಟ ನೋಡುವ ಕ್ಯೂಎ ವರದಿ ಪೂರ್ತಿ ಹಸಿರು. ಮುಂದಿನ ಚೌಕದಲ್ಲಿ ಮಾತ್ರ ಗುಲಾಬಿ ಬಣ್ಣದ ಮಾದರಿ ಎಲ್ಲರನ್ನೂ ನೋಡುತ್ತ ಕೂತಿತ್ತು. ಕೆಟ್ಟ ಅನುವಾದ ಓದುವಾಗ ಎಡವುತ್ತದೆ, ಆದ್ದರಿಂದ ಸಿಕ್ಕಿಬೀಳುತ್ತದೆ. ಇದು ಎಡವುವಂಥದ್ದಾಗಿರಲಿಲ್ಲ.

ಮುದ್ರಣ ಮರುದಿನಕ್ಕೆ ಹೋಯಿತು. ರಿವ್ಯೂವರ್‌ಗೆ ಕ್ಷಮೆ ಕೋರಿದ ಸಂದೇಶಕ್ಕೆ ಅವಳಿಂದ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ.

ಈಗ ಹಣ್ಣಿನ ಸಾಲುಗಳಿಗೆ ಫೋಟೊ ಮತ್ತು ಲ್ಯಾಟಿನ್ ಹೆಸರು ಕಡ್ಡಾಯ. ಸಿಜಿಜಿಯಂ ಕ್ಯೂಮಿನಿ ಎಂದರೆ ನೇರಳೆ, ಸಿಡಿಯಂ ಗ್ವಾಜಾವ ಎಂದರೆ ಸೀಬೆ. ಕರಾವಳಿಯವರು ಪೇರಳೆ ಎನ್ನಲಿ, ಜಕಾರ್ತದವರು ಜಂಬು ಎನ್ನಲಿ. 'ಸಂಸ್ಕೃತ ಮೂಲ' ಕಾಲಂ ಅಳಿಸಲು ಮನಸ್ಸಾಗಲಿಲ್ಲ, ಮ್ಯಾಚಿಂಗ್‌ನಿಂದ ಹೊರಗಿಟ್ಟಿದ್ದೇನೆ. ಮರುಬಳಕೆಯ ಶೇಕಡಾವಾರು ಬಿದ್ದಿದೆ. ಯಾಕೆ ಎಂದು ಮ್ಯಾನೇಜರ್ ಪ್ರತಿ ತಿಂಗಳೂ ಕೇಳುತ್ತಾರೆ, ಹಿಂದಿನ ತಿಂಗಳ ಉತ್ತರವನ್ನೇ ಮರುಬಳಕೆ ಮಾಡುತ್ತೇನೆ.

ಸದ್ಯ ಬಾಕಿ ಇರುವುದು ಒಣಹಣ್ಣುಗಳ ಪಟ್ಟಿಯಲ್ಲಿರುವ 'ಮಾನಿಸಾನ್ ಪಾಲಾ'. ಪಾಲಾ ಬಂದದ್ದು ಸಂಸ್ಕೃತದ ಫಲದಿಂದ. ಅಲ್ಲಿ ಅದು ಜಾಯಿಕಾಯಿ. ಹಳೆಯ ಲಾಕ್ ಇದ್ದಿದ್ದರೆ 'ಹಣ್ಣಿನ ಮಿಠಾಯಿ' ಎಂದು ಸಲೀಸಾಗಿ ಹೊರಟುಹೋಗುತ್ತಿತ್ತು. ಫೋಟೊ ಬರದೆ ಸಾಲು ತೆರೆಯುವುದಿಲ್ಲ ಎಂದು ಗ್ರಾಹಕರಿಗೆ ಬರೆದಿದ್ದೇನೆ. ಅವರು ಲೋಗೊ ಕಳುಹಿಸಿದ್ದಾರೆ.